ಕೆಸರಲ್ಲಿ ಉಳಿದವರ ಪ್ರಶ್ನೆ

ಹೆಂಗಸರನ್ನೂ ಮಕ್ಕಳನ್ನೂ ಕೆಸರಿನಲ್ಲಿ ಬಿಟ್ಟು ಹಡಗು ಹತ್ತಿ ಹೋದ ಗಂಡಸರನ್ನು ಲೋಕ ನಾಲ್ಕು ನೂರು ವರ್ಷಗಳಿಂದ ಹೊಗಳುತ್ತಿದೆ ಎಂದು ನನಗೆ ಗೊತ್ತಾದದ್ದು 2014ರ ಜನವರಿಯಲ್ಲಿ, ಡೊಂಬಿವಲಿಯ ನಮ್ಮ ಅಡುಗೆಮನೆಯಲ್ಲಿ, ನೀರುದೋಸೆ ಹೊಯ್ಯುತ್ತಿದ್ದಾಗ. ಅವತ್ತಿನ ಒಂದು ದೋಸೆ ಸೀದುಹೋಯಿತು. ನನ್ನ ಸಿಟ್ಟು ಮಾತ್ರ ಇವತ್ತಿಗೂ ಆರಿಲ್ಲ.

ಮಗಳು ಶ್ರೀವಾಣಿ ಆಗ ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದಳು. ಜೆರಾಕ್ಸ್ ಹಾಳೆಗಳ ಕಟ್ಟು ಹಿಡಿದುಕೊಂಡು ಅಡುಗೆಕಟ್ಟೆಗೆ ಒರಗಿ ನಿಂತು ಕಥೆ ಹೇಳಿದಳು. ಇಂಗ್ಲೆಂಡಿನ ಕೆಲವು ಹಳ್ಳಿಗರು. ಅರಸನ ಇಗರ್ಜಿಯ ಪೂಜಾಕ್ರಮ ನಮಗೆ ಬೇಡ, ನಮ್ಮ ದೇವರನ್ನು ನಮ್ಮ ರೀತಿಯಲ್ಲಿ ಭಜಿಸುತ್ತೇವೆ ಎಂದವರು. ಅದಕ್ಕಾಗಿ ಜೈಲು, ದಂಡ, ಬೇಹುಗಾರರ ಕಾಟ. ಕೊನೆಗೆ ಮನೆಮಾರು ಮಾರಿ, ಕದ್ದುಮುಚ್ಚಿ ಹಾಲೆಂಡಿಗೆ ಹೋಗುವುದೆಂದು ನಿಶ್ಚಯಿಸಿದರು. ಮೊದಲ ಸಲ ಹಡಗಿನ ಕಪ್ತಾನ ಬಾಡಿಗೆಯನ್ನೂ ತೆಗೆದುಕೊಂಡು ಅವರನ್ನು ಅಧಿಕಾರಿಗಳ ಕೈಗೂ ಒಪ್ಪಿಸಿದ. ಮರುವರ್ಷ ಇನ್ನೊಬ್ಬ ಕಪ್ತಾನನನ್ನು ಗೊತ್ತುಮಾಡಿದರು. ಗಂಡಸರು ನೆಲದ ದಾರಿಯಲ್ಲಿ ನಡೆದು ಬಂದರು. ಹೆಂಗಸರು, ಮಕ್ಕಳು, ಗಂಟುಮೂಟೆ ಎಲ್ಲ ಸಣ್ಣ ದೋಣಿಯಲ್ಲಿ. ಅಲೆಯ ಹೊಡೆತಕ್ಕೆ ವಾಂತಿ ಮಾಡಿ ಸುಸ್ತಾದ ಹೆಂಗಸರು ಅಲೆ ಕಡಿಮೆಯಿರುವ ಖಾಡಿಯ ಹಿನ್ನೀರಿನೊಳಗೆ ದೋಣಿ ನಿಲ್ಲಿಸಿ ಎಂದು ಬೇಡಿಕೊಂಡರು. ಇಳಿತದಲ್ಲಿ ದೋಣಿ ಕೆಸರಿಗೆ ಕಚ್ಚಿಕೊಂಡಿತು. ಬೆಳಿಗ್ಗೆ ಹಡಗು ಬಂತು. ದಡದಲ್ಲಿ ಅಡ್ಡಾಡುತ್ತಿದ್ದ ಗಂಡಸರನ್ನು ಹತ್ತಿಸಿಕೊಂಡಿತು. ಅಷ್ಟರಲ್ಲಿ ದೂರದಲ್ಲಿ ಕುದುರೆ, ಕೋವಿ, ದೊಣ್ಣೆಗಳ ಗುಂಪು ಕಾಣಿಸಿತು. ಕಪ್ತಾನ ಲಂಗರು ಎತ್ತಿ ಹೊರಟೇಹೋದ.

"ಮತ್ತೆ ಹೆಂಗಸ್ರು?" ಎಂದೆ.

"ಅರೆಸ್ಟ್. ಒಂದು ಕೋರ್ಟಿಂದ ಇನ್ನೊಂದು ಕೋರ್ಟಿಗೆ. ಮನೆಗೆ ಕಳಿಸುವ ಅಂದ್ರೆ ಮನೆಯೇ ಇಲ್ಲ, ಮಾರಿ ಆಗಿತ್ತಲ್ಲ. ಕೊನೆಗೆ ಜಡ್ಜ್‌ಗಳಿಗೇ ಬೇಜಾರಾಗಿ ಬಿಟ್ಟುಬಿಟ್ರು. ಮತ್ತೆ ಹೇಗೋ ಒಬ್ಬೊಬ್ರಾಗಿ ಹಾಲೆಂಡಿಗೆ ಸೇರಿದ್ದು. ಯೇ ತೋ ಹದ್ ಹೈ ನಾ, ಅಮ್ಮ? ಅತಿ ಆಯ್ತಲ್ಲ?"

ಊಟದ ಮೇಜಿನ ಮುಂದೆ ಕೂತಿದ್ದ ನನ್ನ ಯಜಮಾನರು ರಮಾಕಾಂತರು ಎದ್ದೇ ನಿಂತರು. ನವಿ ಮುಂಬಯಿಯ ಒಂದು ಶಿಪ್ಪಿಂಗ್ ಕಚೇರಿಯಲ್ಲಿ ಮೂವತ್ತು ವರ್ಷ ಕಂಟೇನರಿನ ಕಾಗದಗಳಿಗೆ ಠಸ್ಸೆ ಒತ್ತಿ ನಿವೃತ್ತರಾದವರು. ಹಡಗು ಹತ್ತಿದವರಲ್ಲ. ಯಕ್ಷಗಾನದ ಪದ್ಯ ಕಟ್ಟುವುದು ಅವರ ಹುಚ್ಚು. "ಇದು ಪ್ರಸಂಗ ಮಾರಾಯ್ತಿ! ಧರ್ಮಕ್ಕಾಗಿ ಸಮುದ್ರ ದಾಟಿದವ್ರ ಕಥೆ. ತಾಳಮದ್ದಳೆಗೆ ಹೇಳಿ ಮಾಡಿಸಿದ ಹಾಗೆ ಉಂಟು," ಎಂದರು. ಸಾನಪಾಡಾದ ನಮ್ಮವರ ಸಂಘದಲ್ಲಿ ವರ್ಷಕ್ಕೊಮ್ಮೆ ಹೊಸ ಪ್ರಸಂಗದ ತಾಳಮದ್ದಳೆ ನಡೆಯುತ್ತದೆ. ಆ ವರ್ಷ ಪ್ರಸಂಗ ಬರೆಯುವ ಸರದಿ ಇವರಿಗೆ ಬಂದಿತ್ತು.

ಒಂದೂವರೆ ತಿಂಗಳಲ್ಲಿ ನಲವತ್ತೆಂಟು ಪದ್ಯ ತಯಾರಾಯಿತು. ಕೆಸರು, ಬಿರುಗಾಳಿ, ಹಾಲೆಂಡಿನಲ್ಲಿ ಹನ್ನೆರಡು ವರ್ಷದ ಬಡತನ, ಮತ್ತೆ ಅಮೆರಿಕಕ್ಕೆಂದು ಹೊರಟ ಎರಡು ಹಡಗುಗಳು, ಅದರಲ್ಲೊಂದು ಸೋರಿ ಎರಡೆರಡು ಸಲ ಹಿಂದಕ್ಕೆ ಬಂದದ್ದು, ಕೊನೆಗೆ ಎಲ್ಲರೂ ಒಂದೇ ಹಡಗಿನಲ್ಲಿ ಒತ್ತೊತ್ತಾಗಿ ಮಹಾಸಾಗರ ದಾಟಿದ್ದು, ಎಲ್ಲವೂ ಇತ್ತು. ಅನುಕೂಲಕ್ಕೆಂದು ಎಲ್ಲ ಗಂಡಸರನ್ನೂ ಸೇರಿಸಿ ಒಬ್ಬ 'ನಾಯಕ'ನನ್ನು ಮಾಡಿದರು. ಎಲ್ಲ ಹೆಂಗಸರನ್ನೂ ಸೇರಿಸಿ ಒಬ್ಬಳು 'ಸಾಧ್ವಿ'. ನಾಯಕನಿಗೆ ಇಪ್ಪತ್ತೊಂದು ಪದ್ಯ. ಸಾಧ್ವಿಗೆ ನಾಲ್ಕು. ಕಥೆ ತಂದುಕೊಟ್ಟ ಮಗಳ ಹೆಸರು ಆಮಂತ್ರಣ ಪತ್ರಿಕೆಯಲ್ಲಿ ಬರಲೇ ಇಲ್ಲ. ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಎನ್ನುತ್ತಾರೆ. ನಮ್ಮಲ್ಲಿ ಬಡಿಸಿದವನು ಮೇಲು.

ಸಾಧ್ವಿಯ ಅರ್ಥ ಹೇಳಲು ನನ್ನನ್ನು ಕರೆದರು. ನಾನು ಠಾಣೆಯ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತೆ. ನಮ್ಮ ಮಹಿಳಾ ಬಳಗದ ತಾಳಮದ್ದಳೆಯಲ್ಲಿ ಒಂಬತ್ತು ವರ್ಷದಿಂದ ಅರ್ಥ ಹೇಳುತ್ತಿದ್ದೆ. ಗಂಡಸರ ಕೂಟದಲ್ಲಿ ಕೂರುವುದು ಇದೇ ಮೊದಲು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಮಾತೂ ಇಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಪಾತ್ರ ವಹಿಸಿದವರು ಎದುರುಬದುರು ಕೂತು ಅದರ ಅರ್ಥವನ್ನು ಸ್ವಂತ ಮಾತಿನಲ್ಲಿ ಬೆಳೆಸುತ್ತಾರೆ, ವಾದ ಮಾಡುತ್ತಾರೆ. ಒಮ್ಮೆ ಪ್ರಶ್ನೆ ಕೇಳಿದರೆ ಎದುರಿನವರು ಉತ್ತರ ಕೊಡಲೇಬೇಕು. ಕೊಡದಿದ್ದರೆ ಸೋತ ಹಾಗೆ. ತಪ್ಪಿಸಿಕೊಳ್ಳುವ ಬಾಗಿಲು ಒಂದೇ: ಭಾಗವತರು ಮುಂದಿನ ಪದ್ಯ ಎತ್ತಿಕೊಂಡುಬಿಟ್ಟರೆ ಎಂಥ ಅರ್ಥಧಾರಿಯೂ ಬಾಯಿ ಮುಚ್ಚಬೇಕು.

ನಾಯಕನ ಪಾತ್ರಕ್ಕೆ ತಾರಾನಾಥ ಶೆಟ್ಟರು. ಕಲ್ಯಾಣದಲ್ಲಿ ಅವರದು ಶಾಕಾಹಾರಿ ಹೋಟೆಲು, ಮುಂಬಯಿಯಲ್ಲೆಲ್ಲ ಹೆಸರು ಮಾಡಿದ ಮಾತುಗಾರರು. ಕೂಟದ ಹಿಂದಿನ ವಾರ ನಮ್ಮ ಮನೆಗೆ ಬಂದರು. ಗೋಳಿಬಜೆ ತಿಂದು, ಚಹಾ ಕುಡಿದು, ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ವಾರಿಜಕ್ಕ, ನಿಮ್ದು ಕರುಣರಸ. ಎರಡು ಮಾತು ಹೇಳಿ ಕಣ್ಣೀರು ಹಾಕಿದ್ರೆ ಸಾಕು. ಜನ ಮೆಚ್ತಾರೆ."

"ಕಣ್ಣೀರು ಹಾಕುವ, ಶೆಟ್ರೆ, ಅದಕ್ಕೇನು. ಆದ್ರೆ ನಂಗೆ ನಾಯಕನ ಹತ್ರ ಒಂದು ಪ್ರಶ್ನೆ ಕೇಳ್ಲಿಕ್ಕೆ ಉಂಟು. ಆ ಬೆಳಿಗ್ಗೆ ಗಂಡಸ್ರು ಯಾಕೆ ಮೊದ್ಲು ಹತ್ತಿದ್ರು?"

ಶೆಟ್ಟರು ನಕ್ಕರು. ಆಮೇಲೆ ನಗು ನಿಲ್ಲಿಸಿದರು. "ಅದೊಂದು ಬೇಡ. ಅದನ್ನು ಕೇಳಿದ್ರೆ ನಾಯಕನ ಪಾತ್ರ ಬೀಳ್ತದೆ. ಇಡೀ ಪ್ರಸಂಗ ನಿಂತಿರುವುದೇ ಅವನ ಮೇಲೆ."

ನಾನು ಯಜಮಾನರ ಮುಖ ನೋಡಿದೆ. ಪದ್ಯ ಬರೆದವರು ಅವರು. ಅವರು ಗೋಳಿಬಜೆಯ ತಟ್ಟೆ ನೋಡುತ್ತ, "ಬಿಡು ವಾರಿಜಾ. ಅವ್ರು ದೊಡ್ಡ ಅರ್ಥಧಾರಿ, ಅವ್ರಿಗೆ ಗೊತ್ತುಂಟು," ಎಂದರು. ನನಗೆ ಮೈಯೆಲ್ಲ ಉರಿಯಿತು. ಸಮುದ್ರದ ಈಚೆ ಉಳಿದವಳು ಏನು ಹೇಳಬೇಕು ಎಂಬುದೂ ಆಚೆ ಹೋದವನಿಗೇ ಗೊತ್ತಂತೆ!

"ಕೇಳುವುದಿಲ್ಲ ಅಂತ ನಾನು ಮಾತು ಕೊಡುವುದಿಲ್ಲ," ಎಂದು ಹೇಳಿ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದೆ. ಆ ವಾರವಿಡೀ ಆಫೀಸಿಗೆ ಹೋಗುವ ಲೋಕಲ್‌ನಲ್ಲಿ ನಿಂತು ನಾನು ಮನಸ್ಸಿನಲ್ಲಿ ಕಟ್ಟಿದ್ದು ಅದೊಂದೇ ಮಾತು. ಆ ಹೆಂಗಸರಿಗೆ ಹೆಸರಿಲ್ಲ. ಅವರ ಪರವಾಗಿ ಯಾರೂ ಕೇಳಿದ ಹಾಗಿರಲಿಲ್ಲ. ನಾಲ್ಕು ಪದ್ಯದ ನನ್ನ ಪಾಲಿನಲ್ಲಿ ಇದೊಂದನ್ನು ಕೇಳದೆ ಎದ್ದು ಬಂದರೆ ನಾನು ಅರ್ಥ ಹೇಳಿಯೂ ದಂಡ ಎನ್ನಿಸಿತು.

ಭಾನುವಾರ ಹನ್ನೆರಡಕ್ಕೆ ಶೆಟ್ಟರ ಗಾಡಿ ನಮ್ಮ ಸೊಸೈಟಿಯ ಗೇಟಿಗೆ ಬಂತು. ಒಳಗೆ ಶೆಟ್ಟರು, ಭುಜಂಗ ಭಾಗವತರು, ಕಪ್ತಾನನ ಮತ್ತು ನ್ಯಾಯಾಧೀಶನ ಪಾತ್ರ ಮಾಡುವ ಲೀಲಾಧರ, ಮದ್ದಳೆಯವರು, ಹಿಂದುಗಡೆ ಚೆಂಡೆ ಮದ್ದಳೆ. ಉಳಿದದ್ದು ಒಂದು ಸೀಟು. ಯಜಮಾನರು ಅದರಲ್ಲಿ ಕೂತು ಕಿಟಕಿಯಿಂದ ತಲೆ ಹೊರಗೆ ಹಾಕಿದರು. "ನಿಂಗೆ ಹೇಗೂ ಪಾಸ್ ಉಂಟಲ್ಲ, ಶ್ರೀವಾಣಿ ಒಟ್ಟಿಗೆ ಟ್ರೈನಲ್ಲಿ ಬಾ." ಗಾಡಿ ಹೋಯಿತು. ಇದನ್ನು ನಾನು ಕಥೆಗೆಂದು ಕಟ್ಟಿ ಹೇಳುತ್ತಿಲ್ಲ, ನಡೆದದ್ದೇ ಹೀಗೆ. ಮಗಳು ನನ್ನ ಮುಖ ನೋಡಿ, "ಅಮ್ಮ, ಕುಛ್ ಮತ್ ಬೋಲೋ, ಈಗ ಏನೂ ಹೇಳ್ಬೇಡ," ಎಂದಳು. ಇಬ್ಬರೂ ಸ್ಟೇಷನ್ನಿಗೆ ನಡೆದೆವು.

ಹಳಿ ದುರಸ್ತಿಗೆಂದು ಮಾಡುವ ಭಾನುವಾರದ ಮೆಗಾಬ್ಲಾಕ್ ಯಾರ ತಲೆಯಲ್ಲೂ ಇರಲಿಲ್ಲ. ಫಾಸ್ಟ್ ಲೈನ್ ಬಂದ್, ಎಲ್ಲ ಗಾಡಿಗಳೂ ಸ್ಲೋ ಲೈನಿನಲ್ಲಿ. ಡೊಂಬಿವಲಿಯಲ್ಲಿ ಮುಕ್ಕಾಲು ಗಂಟೆ ನಿಂತ ಮೇಲೆ ಲೇಡೀಸ್ ಡಬ್ಬಿಯಲ್ಲಿ ಕಾಲಿಡಲು ಜಾಗ ಸಿಕ್ಕಿತು. ದಿವಾದಲ್ಲಿ ಪ್ಲಾಟ್‌ಫಾರ್ಮಿನ ತುಂಬ ಜನ. ಬಾಗಿಲಲ್ಲಿ ನಿಂತವರು ಯಾರನ್ನೂ ಹತ್ತಲು ಬಿಡುತ್ತಿರಲಿಲ್ಲ. ಒಬ್ಬ ಹೆಂಗಸು ಕಂಕುಳಿನ ಕೂಸನ್ನು ಎತ್ತಿ, "ತಾಯಿ, ಬಾಳಾಲಾ ಘ್ಯಾ," ಎಂದು ನಮ್ಮ ಕೈಗೆ ಕೊಟ್ಟೇಬಿಟ್ಟಳು. ಕೂಸು ಒಳಗೆ ಬಂದ ಮೇಲೆ ತಾಯಿಯನ್ನು ಹೊರಗೆ ಬಿಡುವುದು ಹೇಗೆ? ಅಷ್ಟೊತ್ತು ಬೈಯುತ್ತಿದ್ದವರೇ ಕೈ ಹಿಡಿದು ಅವಳನ್ನು ಒಳಗೆಳೆದುಕೊಂಡರು. ಠಾಣೆಯವರೆಗೆ ಆ ಕೂಸು ನನ್ನ ಸೆರಗು ಜಗಿಯುತ್ತಿತ್ತು. ಕೇಳಬೇಕಾದದ್ದನ್ನು ಹೇಗೆ ಕೇಳಬೇಕು ಎಂಬುದು ನನಗೆ ಅಲ್ಲಿ ಹೊಳೆಯಿತು.

ಸಾನಪಾಡಾದ ಹಾಲ್ ತಲುಪುವಾಗ ಮೂರೂವರೆ. ಕೂಟ ಮೂರಕ್ಕೇ ಶುರುವಾಗಿತ್ತು. ಇನ್ನೂರು ಜನ ಸೇರಿದ್ದರು, ಅರ್ಧಕ್ಕರ್ಧ ಹೆಂಗಸರು. ನಾನು ಸದ್ದಿಲ್ಲದೆ ಹೋಗಿ ನನ್ನ ಜಾಗದಲ್ಲಿ ಕೂತೆ. ಲೀಲಾಧರ ಮೋಸಗಾರ ಕಪ್ತಾನನಾಗಿ, "ಹೊಳೆ ದಾಟಿದ ಮೇಲೆ ಅಂಬಿಗನ ನೆನಪು ಯಾರಿಗಿರುತ್ತದೆ? ಆದ್ದರಿಂದ ಬಾಡಿಗೆ ಮೊದಲೇ ಇಡಿ," ಎಂದು ಜನರನ್ನು ನಗಿಸುತ್ತಿದ್ದ. ಕೆಸರಿನ ಪದ್ಯ ಬಂತು, ಹೋಯಿತು. ಆಮೇಲೆ ನಾಯಕನ ಬಿರುಗಾಳಿ. ಶೆಟ್ಟರ ಮಾತು ಚೆನ್ನಾಗಿಲ್ಲ ಎಂದರೆ ನನ್ನ ಬಾಯಿಗೆ ಹುಳ ಬಿದ್ದೀತು. ಅಲೆ ಎದ್ದಿತು, ಪಾಯಿಮರ ನರಳಿತು, ಹದಿನಾಲ್ಕು ದಿನದ ತೂಫಾನಿನಲ್ಲಿ ಏಳು ದಿನ ಸೂರ್ಯಚಂದ್ರರೇ ಇಲ್ಲ. ಉಟ್ಟ ಬಟ್ಟೆಯಲ್ಲಿ ಹಡಗು ಹತ್ತಿದ ಗಂಡಸರು ಹೆಂಡಿರು ಮಕ್ಕಳನ್ನು ನೆನೆದು ಅತ್ತರು. ಮೂವತ್ತೈದು ನಿಮಿಷ. ಮುಂದಿನ ಸಾಲಿನವರು ಕಣ್ಣೊರೆಸಿಕೊಂಡರು. ಇತ್ತ ಸಾಧ್ವಿಯನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸುವ ಮೂರು ಪದ್ಯಗಳಲ್ಲಿ ಭಾಗವತರು ಹೊತ್ತಾಯಿತೆಂದು ಎರಡನ್ನು ಹಾರಿಸಿದರು.

ಉಳಿದ ಒಂದರಲ್ಲಿ ನಾನೂ ಲೀಲಾಧರನೂ ಮಾತಾಡಿದೆವು. "ಮನೆಗೆ ಹೋಗಮ್ಮ," ಎಂದ ನ್ಯಾಯಾಧೀಶ. "ಮನೆ ಮಾರಿದ್ದೇವೆ ಸ್ವಾಮಿ," ಎಂದೆ. "ಹಾಗಾದರೆ ಗಂಡನ ಬಳಿ ಹೋಗು." "ಗಂಡ ಹಡಗಿನಲ್ಲಿದ್ದಾನೆ. ಹಡಗು ಎಲ್ಲಿದೆಯೋ ನಿಮಗೆ ಗೊತ್ತಿದ್ದರೆ ಹೇಳಿ." ಹೆಂಗಸರ ಕಡೆಯಿಂದ ಒಂದು ನಿಟ್ಟುಸಿರು ಕೇಳಿಸಿತು. ಲೀಲಾಧರ ಒಳ್ಳೆಯವನು, ನನಗೆ ಇನ್ನೂ ಎರಡು ಮಾತಿಗೆ ಎಡೆ ಮಾಡಿಕೊಟ್ಟ. ಅಷ್ಟರಲ್ಲಿ ಭಾಗವತರ ಜಾಗಟೆ ಬಡಿಯಿತು, ಕಥೆ ಹಾಲೆಂಡಿಗೆ ಹಾರಿತು.

ಸೋರುವ ಹಡಗು ಎರಡು ಸಲ ಮರಳುವಾಗ ಐದೂವರೆ ಆಗಿತ್ತು. ಆರಕ್ಕೆ ಹಾಲ್ ಬಿಟ್ಟುಕೊಡಬೇಕು. ನನಗೆ ಉಳಿದದ್ದು ಕೊನೆಯ ಪದ್ಯ: ನಾಯಕ ಸಾಧ್ವಿಯನ್ನು ಮಹಾಸಾಗರದ ಹಡಗಿಗೆ ಕರೆಯುತ್ತಾನೆ, ಅವಳು ಭಕ್ತಿಯಿಂದ ಏರುತ್ತಾಳೆ.

"ಬಾ ತಾಯಿ," ಎಂದರು ಶೆಟ್ಟರು. "ಹಡಗು ಸೋರಿತು, ನಮ್ಮ ನಂಬಿಕೆ ಸೋರಲಿಲ್ಲ. ಇದೋ ಇನ್ನೊಂದು ಹಡಗು ಸಿದ್ಧವಾಗಿದೆ. ಏರು." ಚಪ್ಪಾಳೆ ಬಿತ್ತು.

"ಏರುತ್ತೇನೆ ನಾಯಕ," ಎಂದೆ. "ಏರದೆ ನನಗೆ ಬೇರೆ ದಾರಿಯಾದರೂ ಎಲ್ಲಿದೆ? ಆದರೆ ಹಲಗೆಯ ಮೇಲೆ ಕಾಲಿಡುವ ಮೊದಲು ಒಂದು ಸಂಶಯ ಪರಿಹಾರವಾಗಬೇಕು. ಹನ್ನೆರಡು ವರ್ಷದ ಹಿಂದೆ ಆ ಬೆಳಿಗ್ಗೆ, ನೀವು ಯಾಕೆ ಮೊದಲು ಹತ್ತಿದಿರಿ?"

ಶೆಟ್ಟರ ಹುಬ್ಬು ಗಂಟಾಯಿತು. ಆದರೂ ಹಳೆಯ ಹುಲಿ, ಸುಧಾರಿಸಿಕೊಂಡರು. "ತಾಯಿ, ಅದು ಉಬ್ಬರ ಇಳಿತದ ಲೆಕ್ಕ. ನಿಮ್ಮ ದೋಣಿ ಕೆಸರಿನಲ್ಲಿ ಹೂತಿತ್ತು. ನೀರು ಏರುವ ತನಕ ಅದು ಅಲುಗುವಂತಿರಲಿಲ್ಲ. ಕಾಲಹರಣ ಬೇಡವೆಂದು ನಾವು ಮೊದಲು ಏರಿದೆವು."

"ಹೂತದ್ದು ದೋಣಿ ನಾಯಕ, ನಾವಲ್ಲ. ನೀವು ದಡದಲ್ಲಿ ಅಡ್ಡಾಡುತ್ತಿದ್ದಿರಿ. ಮೊಣಕಾಲು ಕೆಸರಿಗೆ ಇಳಿದು, ಒಬ್ಬೊಬ್ಬರು ಒಂದೊಂದು ಕೂಸನ್ನು ಎತ್ತಿ ಹಡಗಿಗೆ ಮುಟ್ಟಿಸಿದ್ದರೆ? ಕೂಸು ಹಡಗಿನಲ್ಲಿದ್ದರೆ ತಾಯಿಯನ್ನು ಬಿಟ್ಟು ಹೋಗಲು ಯಾವ ಕಪ್ತಾನನಿಗೆ ಮನಸ್ಸು ಬಂದೀತು?"

"ನಮ್ಮ ದುಃಖವೇನು ಸಣ್ಣದೇ, ತಾಯಿ? ಹದಿನಾಲ್ಕು ದಿನ ಆ ಬಿರುಗಾಳಿಯಲ್ಲಿ…"

"ನಿಮ್ಮ ಬಿರುಗಾಳಿಯನ್ನು ಕೇಳಿದ್ದೇನೆ. ಇವತ್ತು ಮೂವತ್ತೈದು ನಿಮಿಷ ಕೇಳಿದ್ದೇನೆ. ನಾನು ಕೇಳುತ್ತಿರುವುದು ಹತ್ತಿದ ವಿಷಯ."

ಹಾಲ್ ಗೊಳ್ಳೆಂದು ನಕ್ಕಿತು. ಹಿಂದಿನಿಂದ ಯಾರೋ ಹೆಂಗಸು, "ಪನ್ಲೆ ಅಕ್ಕಾ! ಹೇಳಿ!" ಎಂದು ಕೂಗಿದಳು. ಶೆಟ್ಟರು ನೀರು ಕುಡಿದರು. ಭಾಗವತರ ಕಡೆ ನೋಡಿದರು. ಭುಜಂಗ ಭಾಗವತರು ಕ್ರಮ ಬಲ್ಲವರು, ಉತ್ತರವಾಗದೆ ಪದ್ಯ ಎತ್ತುವವರಲ್ಲ. ಅವರು ಪ್ರಸಂಗಕರ್ತರ ಕಡೆ ನೋಡಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನ ಯಜಮಾನರು ಕೈ ಎತ್ತಿ, ಬೆರಳನ್ನು ಗಾಳಿಯಲ್ಲಿ ತಿರುಗಿಸಿದರು. ಮುಗಿಸಿ, ಎಂದು.

ಜಾಗಟೆ ಬಡಿಯಿತು. ಭಾಗವತರು ಹೊಸ ನೆಲ ಕಂಡ ಪದ್ಯವನ್ನು ಅರ್ಧಕ್ಕೆ ಹಾಡಿ ನೇರ ಮಂಗಳಕ್ಕೆ ಬಂದರು. ನಾನು ಹಲಗೆಯ ಮೇಲೆ ಕಾಲೇ ಇಟ್ಟಿರಲಿಲ್ಲ, ಹಡಗು ಅಮೆರಿಕ ಮುಟ್ಟಿತ್ತು! ಎಲ್ಲರೂ ಎದ್ದು ಕೈಮುಗಿದರು. ಅಭ್ಯಾಸಬಲ ನೋಡಿ, ನಾನೂ ಎದ್ದೆ, ನನ್ನ ಕೈಯೂ ತಾನಾಗಿ ಮುಗಿದಿತ್ತು. ಅದನ್ನು ಕಂಡಾಗ ಶೆಟ್ಟರ ಮೇಲಿದ್ದ ಸಿಟ್ಟು, ಯಜಮಾನರ ಮೇಲಿದ್ದ ಸಿಟ್ಟು ಎಲ್ಲ ಸೇರಿ ನನ್ನ ಮೇಲೆಯೇ ತಿರುಗಿತು. ಹೀಗೆ ಕೈಮುಗಿದು ಮುಗಿದೇ ಅಲ್ಲವೇ ನಾವು ಉಳಿದುಹೋದದ್ದು?

ಕೈ ಬಿಡಿಸಿದೆ. ಮತ್ತೆ ಕೂತೆ. ಮಂಗಳ ಮುಗಿದು ಜನ ಚಹಾಕ್ಕೆಂದು ಕದಲುವಾಗ ಮೈಕ್ ಹತ್ತಿರ ಎಳೆದುಕೊಂಡು ಹೇಳಿದೆ: "ಪ್ರಶ್ನೆ ಬಾಕಿ ಉಂಟು."

ಜನ ನಿಂತರು. ಹೆಂಗಸರಲ್ಲಿ ಕೆಲವರು ಮತ್ತೆ ಕುರ್ಚಿ ಹಿಡಿದರು. ಶೆಟ್ಟರು ಶಾಲು ಮಡಿಸುತ್ತ, "ಮಂಗಳ ಆಯ್ತಲ್ಲ ವಾರಿಜಕ್ಕ. ಈಗ ನಾಯಕ ಇಲ್ಲ. ನಾನು ತಾರಾನಾಥ," ಎಂದು ನಗಾಡಿದರು.

"ಸರಿ. ಹಾಗಾದ್ರೆ ನಾನೂ ವಾರಿಜಾ," ಎಂದೆ. ಮುಂದಿನ ಸಾಲಿನ ಕಡೆ ತಿರುಗಿದೆ. "ನಾಯಕನನ್ನು ಮಾಡಿದವ್ರು ಇಲ್ಲೇ ಇದ್ದಾರಲ್ಲ. ನೀವು ಹೇಳಿ. ಅವ್ರು ಯಾಕೆ ಮೊದ್ಲು ಹತ್ತಿದ್ರು?"

ಯಜಮಾನರ ಮುಖ ಕೆಂಪಾಯಿತು. "ಏ, ಎಂತ ಇದು? ಮನೆಗೆ ಹೋಗಿ ಮಾತಾಡುವ."

"ಮನೆಯಲ್ಲಿ ಕೇಳಿಯಾಗಿದೆ. ಮನೆಯಲ್ಲಿ ಉತ್ತರ ಬರ್ಲಿಲ್ಲ."

ಸಂಘದ ಕಾರ್ಯದರ್ಶಿ ಗಡಿಯಾರ ತೋರಿಸುತ್ತ ಬಂದ. ಶ್ರೀವಾಣಿ ಎದ್ದು ಅವನ ದಾರಿಗೆ ಅಡ್ಡ ನಿಂತಳು. "ಏಕ್ ಮಿನಿಟ್ ಅಂಕಲ್," ಎಂದಳು. ಅವನು ನಿಂತ.

ರಮಾಕಾಂತರ ಜೊತೆ ಇಪ್ಪತ್ತಾರು ವರ್ಷ ಸಂಸಾರ ಮಾಡಿದವಳು ನಾನು. ಅವರ ಮೇಲೆ ನೂರು ದೂರು ಹೇಳಬಲ್ಲೆ, ಆದರೆ ಅವರು ಸುಳ್ಳು ಹೇಳುವವರಲ್ಲ. ಎದ್ದು ನಿಂತರು. ಕೈಯಲ್ಲಿದ್ದ ಪ್ರಸಂಗದ ಪುಸ್ತಕವನ್ನು ತೆರೆದು, ಅದರಲ್ಲಿ ಎಲ್ಲಾದರೂ ಬರೆದಿದೆಯೋ ಎಂಬಂತೆ ಒಂದೆರಡು ಹಾಳೆ ತಿರುವಿದರು.

"ನಲವತ್ತೆಂಟು ಪದ್ಯ ಬರ್ದೆ," ಎಂದರು. ದನಿ ಸಣ್ಣದಾಗಿತ್ತು. "ಹಡಗು ಬಂತು, ಗಂಡಸ್ರು ಹತ್ತಿದ್ರು ಅಂತ ಬರ್ದೆ. ಯಾಕೆ ಮೊದ್ಲು ಅವ್ರು ಅಂತ… ನಂಗೆ ಅದು ಹೊಳೀಲೇ ಇಲ್ಲ ವಾರಿಜಾ."

"ಅವ್ರಿಗೂ ಹೊಳೆದಿರ್ಲಿಕ್ಕಿಲ್ಲ," ಎಂದೆ. "ಇದೇ ಉತ್ತರ. ಇನ್ನು ಮಂಗಳ ಹಾಡಿ ಭಾಗವತ್ರೇ."